ಮೊದಲ ಕ್ಯಾನಿನ ಹಾಲು

ಆ ಊರಿನ ಹೆಂಗಸರ ಹಾಲಿನ ಡೈರಿಯಲ್ಲಿ ನೀರು ಬೆರೆತಿದ್ದರೆ ಹೇಳುವುದಕ್ಕೆ ಒಂದು ಗಾಜಿನ ಕೊಳವೆ ಇತ್ತು. ವಾಸನೆ ಹೇಳುವುದಕ್ಕೆ ಇದ್ದದ್ದು ಒಂದೇ ಒಂದು ಮೂಗು. ಆ ಮೂಗಿನ ಒಡತಿಯನ್ನು ಎಲ್ಲರೂ ಮೂಗಮ್ಮ ಎಂದೇ ಕರೆಯುತ್ತಿದ್ದರು. ಅವಳು ಪಾತ್ರೆಯ ಮುಚ್ಚಳ ತೆಗೆದು ಒಂದು ಸಲ ಉಸಿರೆಳೆದರೆ ಸಾಕು, ಹಸು ನೆನ್ನೆ ಯಾರ ಬೇಲಿ ಹಾರಿತು, ಏನು ಮೇಯಿತು, ರಾತ್ರಿ ಯಾವ ಕನಸು ಕಂಡಿತು ಎಲ್ಲಾ ಹೇಳುತ್ತಾಳೆ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಕನಸಿನ ಮಾತು ಸ್ವಲ್ಪ ಹೆಚ್ಚಾಯಿತು. ಮಿಕ್ಕಿದ್ದು ನಿಜ.

ಅಂಥ ಮೂಗು ಎರಡು ದಿನದಿಂದ ಸತ್ತುಹೋಗಿತ್ತು.

ಈರುಳ್ಳಿ ಕೀಳುವ ಕೆಲಸ. ಬೆಳಗಿನ ಇಬ್ಬನಿಯಲ್ಲಿ ಸೊಂಟ ಬಗ್ಗಿಸಿ ಮೂರು ದಿನ ಕಿತ್ತಳು. ಮೊದಲನೆಯ ದಿನ ಸೀನು, ಎರಡನೆಯ ದಿನ ಕೆರೆಯಷ್ಟು ನೆಗಡಿ, ಮೂರನೆಯ ದಿನ ಒಲೆಯ ಮೇಲೆ ಅನ್ನ ಸೀದು ಕರಿ ಇದ್ದಿಲಾದರೂ ಅವಳಿಗೆ ಗೊತ್ತಾಗಲಿಲ್ಲ. ಹಿತ್ತಲಲ್ಲಿದ್ದ ಅತ್ತೆ ಮೂಗು ಮುಚ್ಚಿಕೊಂಡು ಓಡಿಬಂದು ಪಾತ್ರೆ ಇಳಿಸಿದಳು. ಯಾರಿಗೂ ಹೇಳಬೇಡಿ ಅತ್ತೆ, ಎಂದು ಮೂಗಮ್ಮ ಕೈಹಿಡಿದು ಕೇಳಿಕೊಂಡಳು.

ಹೇಳಿದರೆ ಏನಾಗುತ್ತದೆ ಎಂಬುದು ಗೊತ್ತಿತ್ತು. ಆ ತಿಂಗಳು ಪಟ್ಟಣದಿಂದ ಎರಡು ಸಲ ಕ್ಯಾನು ವಾಪಸ್ಸು ಬಂದಿತ್ತು, ಎರಡು ಸಲವೂ ಅವಳು ನೆಂಟರ ಮನೆಗೆ ಹೋದ ದಿನಗಳಲ್ಲೇ. ಮೂರನೆಯ ಸಲ ಬಂದರೆ ಲಾರಿ ನಿಮ್ಮೂರಿನ ಸೇತುವೆ ದಾಟುವುದಿಲ್ಲ ಎಂದು ಡ್ರೈವರ್ ಹೇಳಿಹೋಗಿದ್ದ. ಲಾರಿ ನಿಂತರೆ ಇಪ್ಪತ್ತಾರು ಮನೆಯ ಹೆಂಗಸರು ಮತ್ತೆ ಚಹಾ ಅಂಗಡಿಯವನ ಮುಂದೆ ಪಾತ್ರೆ ಹಿಡಿದು, ಅವನು ಕೊಟ್ಟಷ್ಟು ಈಸಿಕೊಂಡು ಬರಬೇಕು. ಹೊಲದ ದುಡಿಮೆ ಯಾರ ಹೆಸರಿಗೆ ಹೋದರೂ ಹಾಲಿನ ದುಡಿಮೆ ಅವರವರ ಕೈಯಲ್ಲೇ ಉಳಿಯುತ್ತಿತ್ತು. ಅದು ಕೈತಪ್ಪಿದರೆ ಮಗಳ ಚಪ್ಪಲಿಗೂ ಗಂಡನ ಮುಖ ನೋಡಬೇಕು.

ಮೂಗು ಸತ್ತಿದೆ ಎಂದು ಗೊತ್ತಾದರೆ ಮುಚ್ಚಳ ತೆಗೆಯುವ ಕೆಲಸ ನೇಕಾರರ ಸೊಸೆಗೆ ಹೋಗುತ್ತದೆ. ಅವಳ ಬಾಯಿಯೋ, ಮಗ್ಗಕ್ಕಿಂತ ಜೋರು.

ಅವತ್ತು ಬೆಳಿಗ್ಗೆ ಮೂಗಮ್ಮ ಹಾಲು ಕರೆಯುವಾಗ ಹಸು ಮುಂದಿಟ್ಟ ಹುಲ್ಲನ್ನು ಮೂಸಿಯೂ ನೋಡಲಿಲ್ಲ. ಹೊಟ್ಟೆ ಮಾತ್ರ ಡೋಲಿನ ಹಾಗೆ ಬಿಗಿದಿತ್ತು. ಇದಕ್ಕೇನು ಬಂತೋ ನೋಡೇ, ಎಂದು ಅತ್ತೆ ಜಗಲಿಯಿಂದಲೇ ಕೂಗಿದಳು. ಮೂಗಮ್ಮನಿಗೆ ತನ್ನ ತಲೆಭಾರವೇ ಸಾಕಾಗಿತ್ತು. ಸಂಜೆ ನೋಡುತ್ತೇನೆ ಎಂದು ಪಾತ್ರೆ ಎತ್ತಿಕೊಂಡು ನಡೆದಳು.

ಡೈರಿ ಎಂದರೆ ಒಂದು ಕೋಣೆ, ಒಂದು ಸಿಮೆಂಟಿನ ಕಟ್ಟೆ, ಎರಡು ದೊಡ್ಡ ಕ್ಯಾನು. ಮೊದಲು ಸುರಿಯುವ ಹಾಲು ಯಾವಾಗಲೂ ಮೂಗಮ್ಮನದೇ. ಅದನ್ನು ಯಾರೂ ಮೂಸುತ್ತಿರಲಿಲ್ಲ. ಮೂಸುವವಳ ಹಾಲನ್ನು ಮೂಸುವವರು ಯಾರು? ಹಾಗೆ ಸುರಿದೂ ಸುರಿದೂ ಅದೇ ಪದ್ಧತಿಯಾಗಿಬಿಟ್ಟಿತ್ತು. ಅವತ್ತೂ ಸುರಿದಳು.

ಆಮೇಲೆ ಹಿಂದಿನ ದಿನದ ನಾಟಕವೇ ಮತ್ತೆ ಶುರುವಾಯಿತು. ಪಾತ್ರೆ ಬಂದಾಗಲೆಲ್ಲ ಬಗ್ಗಿ, ಕಣ್ಣು ಮುಚ್ಚಿ, ಬಾಯಿಂದ ಉಸಿರೆಳೆದು, ತಲೆಯಾಡಿಸಿದಳು. ಮೂಗಿನ ಕೆಲಸವನ್ನು ಕಣ್ಣಿಗೆ ಒಪ್ಪಿಸಿದ್ದಳು. ಏನು ಮೇಯಿಸಿದೆ ಎಂದು ಕೇಳುವುದು, ಉತ್ತರ ಹೇಳುವವಳ ಮುಖ ನೋಡುವುದು. ಹನ್ನೊಂದು ಮನೆಯ ಹಾಲಿಗೆ ಮೊದಲ ಕ್ಯಾನು ತುಂಬಿತು.

ಎರಡನೆಯ ಕ್ಯಾನಿಗೆ ನೇಕಾರರ ಸೊಸೆಯ ಸರದಿ ಬಂತು.

"ಏನು ಮೇಯಿಸಿದೆ?"

"ದಿನಾ ನೀನೇ ಹೇಳ್ತಿದ್ದೆ. ನೆನ್ನೆಯಿಂದ ನನ್ನ ಕೇಳ್ತೀಯಲ್ಲ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನೇಕಾರರ ಸೊಸೆಯ ಕಣ್ಣು ಒಂದು ಕ್ಷಣ ಪಕ್ಕಕ್ಕೆ ಸರಿದ ಹಾಗೆ ಕಂಡಿತು. ಅದೇ ಸಾಕ್ಷಿ ಎಂದುಕೊಂಡು ಮೂಗಮ್ಮ, ಹಾಲು ಹುಳಿಯಾಗಿದೆ, ಆಚೆ ಇಡು ಎಂದುಬಿಟ್ಟಳು.

ನೇಕಾರರ ಸೊಸೆ ಅಂಗೈಗೆ ಹಾಲು ಬಗ್ಗಿಸಿಕೊಂಡು ಕುಡಿದಳು. ಅಂಗೈಗೆ ಹಾಲು ಬಗ್ಗಿಸಿಕೊಂಡು ಕುಡಿದಳು. ಹಿಂದಿದ್ದವಳಿಗೂ ಕುಡಿಸಿದಳು. ಹಿಂದಿದ್ದವಳು ನಾಲಗೆ ಚಪ್ಪರಿಸಿ, ಸಕ್ಕರೆ ಹಾಕಿದ ಹಾಗಿದೆ ಎಂದಳು.

"ನಂದು ಹುಳಿಯಾದ್ರೆ ಅದರೊಳಗಿರೋ ಅಮೃತ ಎಂಥದು, ನೋಡೋಣ ತಾಳು," ಎಂದು ನೇಕಾರರ ಸೊಸೆ ತುಂಬಿದ ಕ್ಯಾನಿನ ಮುಚ್ಚಳ ಎತ್ತಿ ಬಗ್ಗಿದಳು. ಬಗ್ಗಿದವಳ ಮುಖ ಹರಳೆಣ್ಣೆ ಕುಡಿದ ಮಗುವಿನ ಹಾಗಾಯಿತು.

"ಈರುಳ್ಳಿ," ಎಂದಳು. "ಗಬ್ಬೋ ಅಂತ ಈರುಳ್ಳಿ."

ಒಬ್ಬೊಬ್ಬರೇ ಬಂದು ಮೂಸಿದರು. ಒಬ್ಬೊಬ್ಬರೇ ಹಿಂದೆ ಸರಿದರು. ಮೂಗಮ್ಮ ತಾನೂ ಬಗ್ಗಿದಳು. ಹಾಲು ಬೆಳ್ಳಗಿತ್ತು, ನೊರೆ ಇತ್ತು. ಅಷ್ಟೇ.

ಹನ್ನೊಂದು ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಮನೆಯ ಹಾಲು ಕ್ಯಾನನ್ನು ಕೆಡಿಸಿತೋ ಆ ಮನೆಯ ಪಾತ್ರೆ ಹದಿನೈದು ದಿನ ಒಳಗೆ ಬರಕೂಡದು ಎಂಬ ನಿಯಮವಿತ್ತು. ಮಾಡಿದವಳೂ ಮೂಗಮ್ಮನೇ. ಕೊನೆಗೆ ಎಲ್ಲರ ಕಣ್ಣೂ ಒಂದೇ ಕಡೆ ಹೋಗಿ ನಿಂತವು, ಎಮ್ಮೆಯಜ್ಜಿಯ ಮೇಲೆ. ಅಜ್ಜಿಗೆ ಇದ್ದದ್ದು ಒಂದು ಎಮ್ಮೆ. ಅದರ ವಯಸ್ಸು ಹೆಚ್ಚೋ ಅಜ್ಜಿಯ ವಯಸ್ಸು ಹೆಚ್ಚೋ ಎಂದು ಊರಲ್ಲಿ ಪಂದ್ಯ ನಡೆಯುತ್ತಿತ್ತು. ಮೇವಿಲ್ಲದ ದಿನ ಬೀದಿಯಲ್ಲಿ ಸಿಕ್ಕಿದ್ದನ್ನೆಲ್ಲ ಅದು ತಿನ್ನುತ್ತಿತ್ತು. ಅದು ಕೊಟ್ಟ ಹಾಲಿನಲ್ಲೇ ಅಜ್ಜಿಯ ಎರಡು ಹೊತ್ತಿನ ಊಟ.

"ನಂದೇ ಇರ್ಬೇಕು ಕಣವ್ವ," ಎಂದಳು ಅಜ್ಜಿ, ಪಾತ್ರೆಯನ್ನು ಎದೆಗೆ ಒತ್ತಿಕೊಂಡು. "ನೆನ್ನೆ ಸಂಜೆ ಹಗ್ಗ ಬಿಚ್ಕೊಂಡು ಹೋಗಿತ್ತು. ಎಲ್ಲಿಗೆ ಹೋಯ್ತೋ ನಾ ಕಾಣೆ."

ಸೇತುವೆಯ ಕಡೆಯಿಂದ ಲಾರಿಯ ಹಾರ್ನ್ ಕೇಳಿಸಿತು.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಅಜ್ಜಿ ತಾನಾಗಿಯೇ ಒಪ್ಪಿಕೊಂಡಿದ್ದಾಳೆ. ಅಷ್ಟರಲ್ಲಿ ಮೂಗಮ್ಮನ ಕಣ್ಣಮುಂದೆ ಮುಟ್ಟದೇ ಬಿಟ್ಟ ಹುಲ್ಲಿನ ಕಟ್ಟು ಬಂತು. ಬಿಗಿದ ಹೊಟ್ಟೆ ಬಂತು. ಹಿತ್ತಲಲ್ಲಿ ತಾನೇ ಕತ್ತರಿಸಿ ಗುಡ್ಡೆ ಹಾಕಿದ್ದ ಈರುಳ್ಳಿ ಗರಿ ಬಂತು. ನೆನ್ನೆ ಆಳೆತ್ತರ ಇದ್ದ ಗುಡ್ಡೆ ಇವತ್ತು ಬೆಳಿಗ್ಗೆ ಮೊಣಕಾಲಿನಷ್ಟೂ ಇರಲಿಲ್ಲ. ನೋಡಿದ್ದಳು. ನೋಡಿಯೂ ನೋಡಿರಲಿಲ್ಲ.

ಇನ್ನೊಂದು ಹಾರ್ನ್, ಈಗ ಹತ್ತಿರದಲ್ಲಿ. ಯಾರೋ ಮುಚ್ಚಳ ಬಿಗಿದು ಕಳಿಸಿಬಿಡೋಣ, ಅದೃಷ್ಟ ಇದ್ದರೆ ಗೊತ್ತಾಗಲಿಕ್ಕಿಲ್ಲ ಎಂದರು. ಅಜ್ಜಿ ಮೆಲ್ಲಗೆ ಬಾಗಿಲ ಕಡೆ ತಿರುಗಿದ್ದಳು.

"ಅಜ್ಜೀ, ನಿಂತ್ಕೋ," ಎಂದಳು ಮೂಗಮ್ಮ. "ನಿಂದಲ್ಲ. ನಮ್ಮನೇದು. ನನ್ನ ಮೂಗು ಎರಡು ದಿನದಿಂದ ಸತ್ತಿದೆ. ಏನೂ ಗೊತ್ತಾಗ್ತಿಲ್ಲ ನಂಗೆ. ಸುಮ್ನೆ ಬಗ್ಗಿ ಬಗ್ಗಿ ಏಳ್ತಿದ್ದೆ."

ಎಲ್ಲರೂ ಒಟ್ಟಿಗೆ ಶುರುಮಾಡಿದರು. ಒಬ್ಬಳು ಬೈದಳು, ಒಬ್ಬಳು ಅತ್ತಳು. ನಿಮ್ಮ ಹಸು ಒಗ್ಗರಣೆ ಹಾಕಿಯೇ ಹಾಲು ಕೊಡುತ್ತದಲ್ಲ ಎಂದು ಇನ್ನೊಬ್ಬಳು ಚುಚ್ಚಿದಳು. ಯಾರಿಗೂ ನಗು ಬರಲಿಲ್ಲ.

ನೇಕಾರರ ಸೊಸೆ ಒಬ್ಬಳೇ ಬಾಯಿಗೆ ಬದಲು ಕೈ ಆಡಿಸಿದ್ದು. ಮೊದಲ ಕ್ಯಾನಿನ ಕಿವಿ ಹಿಡಿದು ಕಟ್ಟೆಯಿಂದ ಇಳಿಸತೊಡಗಿದಳು. ಭಾರಕ್ಕೆ ಅದು ವಾಲಿತು. ಇನ್ನೊಂದು ಕಿವಿಯನ್ನು ಮೂಗಮ್ಮ ಹಿಡಿದಳು. ಇಬ್ಬರೂ ಏದುಸಿರು ಬಿಡುತ್ತಾ ಅದನ್ನು ಬಾಗಿಲ ಹಿಂದಕ್ಕೆ ಎಳೆದು, ಮೇಲೊಂದು ಗೋಣಿಚೀಲ ಎಸೆದರು. ಕಳಿಸದ ಕ್ಯಾನು ವಾಪಸ್ಸು ಬರುವುದಿಲ್ಲ. ಆಮೇಲೆ ನೇಕಾರರ ಸೊಸೆ ಉಳಿದ ಹದಿನೈದು ಮನೆಯ ಪಾತ್ರೆಗಳನ್ನು ಮೂಸಿ ಮೂಸಿ ಸುರಿದಳು. ಡ್ರೈವರ್ ಒಳಗೆ ಇಣುಕಿ, ಇವತ್ತು ಒಂದೇಯಾ ಎಂದ. ಅರ್ಧ ಊರಿನ ಹಸುಗಳು ಮುನಿಸಿಕೊಂಡಿವೆ ಎಂದಳು ನೇಕಾರರ ಸೊಸೆ. ಅವನು ಆ ಒಂದನ್ನೇ ಮೂಸಿ, ಏರಿಸಿಕೊಂಡು ಹೋದ.

ಹತ್ತು ಮನೆಯವರು ತಾವು ತಂದಷ್ಟನ್ನೇ ಅಳೆಸಿಕೊಂಡು, ಕರುಗಳಿಗೆ ಕುಡಿಸಲು ಹೊತ್ತು ನಡೆದರು. ಒಬ್ಬರೂ ಮೂಗಮ್ಮನ ಜತೆ ಮಾತಾಡಲಿಲ್ಲ. ಎಮ್ಮೆಯಜ್ಜಿ ಮಾತ್ರ ಹೋಗುವಾಗ ಅವಳ ಕೆನ್ನೆ ಮುಟ್ಟಿ, ಶುಂಠಿ ಕಷಾಯ ಕುಡಿ ಎಂದಳು.

ಅದಾದ ನಾಲ್ಕನೆಯ ದಿನಕ್ಕೇ ಮೂಗು ತೆರೆಯಿತು. ತೆರೆದದ್ದೇ ಮೊದಲು ಬಂದದ್ದು ಹಿತ್ತಲಿನ ಈರುಳ್ಳಿ ಗರಿಯ ನಾತ. ಮೂಗಮ್ಮ ಅದನ್ನು ಯಾರಿಗೂ ಹೇಳಲಿಲ್ಲ. ನಿಯಮ ನಿಯಮವೇ. ಹದಿನೈದು ದಿನ ಮನೆಯ ಹಾಲು ಮನೆಯಲ್ಲೇ ಖರ್ಚಾಗಿ, ಬೆಕ್ಕು ಕರುವಿನಷ್ಟು ದಪ್ಪವಾಯಿತು.

ಹದಿನಾರನೆಯ ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಹೋಗಿ ನಿಂತಳು. ಸರದಿ ಬಂದಾಗ ನೇಕಾರರ ಸೊಸೆ ಪಾತ್ರೆಯ ಮೇಲೆ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ.

"ಸುರಿ," ಎಂದಳು ಕೊನೆಗೂ.

ಸುರಿದಳು. ತಿರುಗಿ ಹೊರಡುವಷ್ಟರಲ್ಲಿ ನೇಕಾರರ ಸೊಸೆ ಕಟ್ಟೆಯ ಕೆಳಗಿನಿಂದ ತನ್ನ ಪಾತ್ರೆಯನ್ನು ಎತ್ತಿ ಮುಂದೆ ಹಿಡಿದಳು. ಇನ್ನೂ ಸುರಿದಿರಲಿಲ್ಲ ಅವಳು.

"ಹದಿನೈದು ದಿನ ನನ್ನ ಹಾಲನ್ನ ಅಜ್ಜಿ ಮೂಸಿದ್ಳು. ಅವಳಿಗೆ ಎಲ್ಲಾ ಹಾಲೂ ಮಲ್ಲಿಗೆ. ನಿನ್ನ ಮೂಗು ಎದ್ದಿದ್ರೆ ನೋಡು."

ಮೂಗಮ್ಮ ಬಗ್ಗಿದಳು. ಒಂದೇ ಉಸಿರಿಗೆ ಎಲ್ಲಾ ತಿಳಿಯಿತು: ಜೋಳದ ದಂಟು, ಕೆರೆದಂಡೆಯ ಹಸಿ ಹುಲ್ಲು, ಚೊಕ್ಕ ಹಾಲು. ಆದರೂ ಅವಳು ಕಾಯಿಸಿದ ಹಾಗೇ ತಾನೂ ಕಾಯಿಸುತ್ತಾ, ಲಾರಿ ಸೇತುವೆ ದಾಟಿ ಬಾಗಿಲಿಗೆ ಬರುವ ತನಕ ತಲೆ ಎತ್ತಲಿಲ್ಲ.