ತಮ್ಮನ ಕಾರಿಗೆ ನಾಲ್ಕು ಟೈರು

ತಮ್ಮನ ಕಾರು ನಮ್ಮ ಟೈರ್ ಅಂಗಡಿಯ ಮುಂದೆ ಬಂದು ನಿಂತರೆ ಮೊದಲು ಎದ್ದು ಹೊರಗೆ ಹೋಗುವವರು ಅಪ್ಪ. ನಾನು ಕಾಫಿ ತಂದು ಮುಂದಿಟ್ಟರೆ ಪೇಪರಿನಿಂದ ತಲೆ ಎತ್ತದ ಮನುಷ್ಯ, ಆ ಕಾರಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, ಕನ್ನಡಕ ಸರಿಮಾಡಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆ ಗುರುವಾರವೂ ಹಾಗೇ ಆಯಿತು. ಸಾಸಿವೆ ಹೂವಿನ ಬಣ್ಣದ ಪುಟ್ಟ ಕಾರು, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಹಿಂದಿನ ಸೀಟಿನಲ್ಲಿ ಒಂದು ಚೀಲ ಇಡಬಹುದು, ಮನುಷ್ಯರನ್ನು ಕೂರಿಸಲು ಆಗುವುದಿಲ್ಲ. ಮದುವೆಯಾಗದವನು ಮಾತ್ರ ಕೊಳ್ಳುವ ಕಾರು ಅದು. ನನ್ನದು ಹಳೆಯ ವ್ಯಾನು. ಅದರಲ್ಲಿ ಟೈರು, ಹೆಂಡತಿ, ಇಬ್ಬರು ಮಕ್ಕಳು, ಅಪ್ಪ, ಅಪ್ಪನ ಔಷಧಿಯ ಡಬ್ಬಿ ಎಲ್ಲವೂ ಹಿಡಿಸುತ್ತವೆ.

ಮುಚ್ಚಿಟ್ಟು ಏನು ಪ್ರಯೋಜನ, ನನಗೆ ತಮ್ಮನನ್ನು ಕಂಡರೆ ಹೊಟ್ಟೆಕಿಚ್ಚು. ಕಾರಿಗಾಗಿ ಅಂದುಕೊಳ್ಳಬೇಡಿ, ಅದನ್ನು ಪುಕ್ಕಟೆ ಕೊಟ್ಟರೂ ನನಗೆ ಬೇಡ. ಅವನು ಎರಡು ಬೀದಿ ಆಚೆ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಸಂಜೆಯವರೆಗೂ ಅಂಗಿಯ ಇಸ್ತ್ರಿ ಕೆಡದ ಕೆಲಸ. ಅದೂ ಹೋಗಲಿ. ಅಪ್ಪ ಇರುವುದು ನನ್ನ ಮನೆಯಲ್ಲಿ. ಅವರ ಕೆಮ್ಮು, ಮಂಡಿಗೆ ಹಚ್ಚುವ ಎಣ್ಣೆ, ಸಾರಿಗೆ ಉಪ್ಪು ಕಮ್ಮಿಯಾಯಿತು ಎನ್ನುವ ಮುನಿಸು ಎಲ್ಲ ನನ್ನ ಪಾಲು. ನಗು ಮಾತ್ರ ತಮ್ಮನ ಪಾಲು. ಅವನು ವಾರಕ್ಕೆರಡು ಸಲ ಹತ್ತು ನಿಮಿಷ ಬಂದು ಹೋದರೆ, ಆಮೇಲೆ ಎರಡು ದಿನ ಮನೆಯಲ್ಲಿ ಅವನದೇ ಸುದ್ದಿ. ಚಿಕ್ಕೋನು ಹೀಗಂದ, ಚಿಕ್ಕೋನು ಹಾಗಂದ. ದೊಡ್ಡೋನು ಏನೆಂದ ಎಂದು ಈ ಭೂಮಿಯ ಮೇಲೆ ಯಾರೂ ಕೇಳಿದ್ದಿಲ್ಲ.

"ನಾಲ್ಕೂ ಬದಲಾಯಿಸ್ಬೇಕಣ್ಣ," ಎಂದ ತಮ್ಮ, ಕೀಯನ್ನು ನನ್ನ ಮೇಜಿನ ಮೇಲಿಡುತ್ತಾ. "ಆಲ್ ಸೀಸನ್ನೇ ಹಾಕು. ಮಳೆಗೊಂದು, ಬಿಸಿಲಿಗೊಂದು ಅಂತ ವರ್ಷಕ್ಕೆರಡು ಸಲ ನಿನ್ನ ಮುಂದೆ ಬಂದು ನಿಲ್ಲೋಕಾಗಲ್ಲ. ಆದ್ರೆ ಸ್ವಲ್ಪ ಸ್ಪೋರ್ಟಿಯಾಗಿರ್ಲಿ. ತಿರುವಲ್ಲಿ ರಸ್ತೆಗೆ ಅಂಟ್ಕೊಂಡು ಹೋಗ್ಬೇಕು."

ಆ ಸೈಜಿನಲ್ಲಿ ನನ್ನ ಹತ್ತಿರ ಮೂರು ಬಗೆ ಇದ್ದವು. ಮೂರನ್ನೂ ಹೊರಗೆ ತಂದು ಸಾಲಾಗಿ ನಿಲ್ಲಿಸಿದೆ. ಮೊದಲನೆಯದು ಅವನು ಕೇಳಿದಂಥದ್ದು, ತಿರುವಿನಲ್ಲಿ ಹಿಡಿತ ಜೋರು, ಸವೆಯುವುದೂ ಜೋರು. ಎರಡನೆಯದು ಮೆತ್ತಗೆ, ಸದ್ದಿಲ್ಲದೆ, ವರ್ಷಗಟ್ಟಲೆ ಬಾಳುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ನಾಲ್ಕು ಮಾರು ಮುಂದೆ ಹೋಗಿಯೇ ನಿಲ್ಲುವುದು. ಮೂರನೆಯದು ನೋಡಲು ತೀರ ಸಾದಾ. ಬ್ರೇಕಿಗೆ ಬೇಗ ನಿಲ್ಲುತ್ತದೆ, ರಿಮ್ಮಿನ ಪಕ್ಕ ದಪ್ಪನೆಯ ರಬ್ಬರ್ ಅಂಚಿರುವುದರಿಂದ ಕಲ್ಲಿಗೆ ತಾಗಿದರೂ ತಡೆದುಕೊಳ್ಳುತ್ತದೆ. ತಮ್ಮ ಮೊದಲನೆಯದರ ಮೇಲೆ ಕೈಯಿಟ್ಟ.

"ಇರು, ಹಳೇದನ್ನ ನೋಡ್ಬೇಕು," ಎಂದೆ.

ಇದು ನಮ್ಮ ಅಂಗಡಿಯ ಪದ್ಧತಿ. ಮಾಡಿದ್ದು ಅಪ್ಪ. ಯಾರೇ ಬರಲಿ, ಏನೇ ಕೇಳಲಿ, ಹಳೆಯ ಟೈರಿನ ಮೇಲೆ ಅಂಗೈ ಇಟ್ಟು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸವರಬೇಕು. ಗಾಡಿಯನ್ನು ಯಾರು ಹೇಗೆ ಓಡಿಸುತ್ತಾರೆ ಎಂಬುದು ಕೈಗೆ ಗೊತ್ತಾಗುತ್ತದೆ. ಹೊಸದನ್ನು ಆರಿಸುವುದು ಅದರ ಮೇಲೆ. ನಾನು ಕೆಲಸ ಕಲಿಯುವಾಗ ಒಂದು ಸಲ ಸವರದೆ ಟೈರ್ ಹಾಕಿದ್ದಕ್ಕೆ ಅಪ್ಪ ಅದನ್ನು ಬಿಚ್ಚಿಸಿ, ಹಳೆಯದನ್ನು ಮತ್ತೆ ಹಾಕಿಸಿ, ಸವರಿಸಿ, ಆಮೇಲೆ ಹೊಸದನ್ನು ಹಾಕಿಸಿದ್ದರು. ಗಿರಾಕಿ ಅಷ್ಟು ಹೊತ್ತೂ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಅಂಥ ಅಪ್ಪ ಅವತ್ತು ಬಾಗಿಲಿನಿಂದ ಹೇಳಿದರು: "ಹಳೇದರಲ್ಲೇನಿದೆಯೋ ನೋಡೋಕೆ. ಅವನು ಕೇಳಿದ್ದನ್ನ ಹಾಕಿ ಕಳಿಸ್ಬಾರ್ದಾ."

ನನಗೆ ರೇಗಿತು. ಊರಿಗೆಲ್ಲ ಒಂದು ಕಾನೂನು, ಚಿಕ್ಕೋನಿಗೆ ಬೇರೆ. ನಾನು ಕೀ ತೆಗೆದುಕೊಂಡು ಹೊರಟೆ. ಅಪ್ಪ ಗೋಡೌನಿನಲ್ಲಿ ಏನೋ ಹುಡುಕಬೇಕು ಎಂದು ಒಳಗೆ ಹೋದರು.

ಕಾರನ್ನು ಲಿಫ್ಟಿನ ಮೇಲೆ ಹತ್ತಿಸಲು ಒಳಗೆ ಕೂತೆ. ಕೂತೆ ಅನ್ನುವುದಕ್ಕಿಂತ ಸಿಕ್ಕಿಕೊಂಡೆ. ಮಂಡಿ ಎರಡೂ ಸ್ಟೀರಿಂಗಿಗೆ ಬಡಿದವು. ತಮ್ಮ ನನಗಿಂತ ಒಂದು ಗೇಣು ಎತ್ತರ, ಎರಡೇ ಬೀದಿಯಾದರೂ ಇಷ್ಟು ಮುಂದೆ ಎಳೆದ ಸೀಟಿನಲ್ಲಿ ಮುದುರಿಕೊಂಡು ಹೇಗೆ ಬಂದ ಎಂದುಕೊಂಡೆ. ಕಾರು ಮೇಲೆ ಹೋದ ಮೇಲೆ ಮುಂದಿನ ಟೈರಿನ ಮೇಲೆ ಕೈಯಿಟ್ಟೆ. ತಿರುವಿನಲ್ಲಿ ಜೋರಾಗಿ ಹೊಡೆಯುವವರ ಟೈರು ಹೊರ ಅಂಚಿನಲ್ಲಿ ಸವೆದಿರುತ್ತದೆ. ಇಲ್ಲಿ ಅಂಚು ನೆಟ್ಟಗಿತ್ತು. ಹಿಂದಕ್ಕೆ ಸವರಿದರೆ ನುಣುಪು, ಮುಂದಕ್ಕೆ ಸವರಿದರೆ ಗರಗಸ. ತಡವಾಗಿ ನೋಡಿ, ಗಟ್ಟಿಯಾಗಿ ಬ್ರೇಕ್ ಒತ್ತುವವರ ಟೈರು ಹಾಗಿರುತ್ತದೆ. ಫುಟ್‌ಪಾತಿನ ಕಡೆಯ ಎರಡು ಟೈರುಗಳ ಪಕ್ಕೆ ಸುತ್ತಲೂ ಕಲ್ಲಿಗೆ ಉಜ್ಜಿ ಬಿಳಿಚಿತ್ತು, ಒಂದೇ ಎತ್ತರದಲ್ಲಿ, ಗೆರೆ ಎಳೆದ ಹಾಗೆ.

ಆ ಗೆರೆ ನನಗೆ ಗೊತ್ತು. ಜೀವಮಾನವೆಲ್ಲ ಗಿರಾಕಿಗಳಿಗೆ ಕಲ್ಲಿಗೆ ಉಜ್ಜಬೇಡಿ ಎಂದು ಬೈದ ಅಪ್ಪ, ತಾವು ಗಾಡಿ ನಿಲ್ಲಿಸುವಾಗ ಮಾತ್ರ ಟೈರನ್ನು ಫುಟ್‌ಪಾತಿಗೆ ಒರಗಿಸದೆ ಬಿಡುವವರಲ್ಲ. ಕಲ್ಲು ತಾಗಿದ ಮೇಲೆಯೇ ಹ್ಯಾಂಡ್‌ಬ್ರೇಕ್. ಅಪ್ಪ ನನಗಿಂತ ಕುಳ್ಳು, ಸೀಟು ಮುಂದೆ ಎಳೆಯದೆ ಓಡಿಸಲಾರರು. ನನ್ನ ವ್ಯಾನಿನ ಟೈರುಗಳಲ್ಲೂ ಅದೇ ಗೆರೆ ಇತ್ತು, ಎರಡು ವರ್ಷದ ಹಿಂದಿನವರೆಗೆ. ಆಗ ಅಪ್ಪ ನಮ್ಮದೇ ಗೇಟಿನ ಕಂಬಕ್ಕೆ ವ್ಯಾನು ತಾಗಿಸಿದರು. ಯಾರಿಗೂ ಏನೂ ಆಗಲಿಲ್ಲ, ಒಂದು ದೀಪ ಒಡೆಯಿತು, ಅಷ್ಟೇ. ನಾನು ಕೀಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೆಲವು ತಿಂಗಳ ಮೇಲೆ, ಮಂಗಳವಾರ ಮತ್ತು ಶನಿವಾರ ಬೆಳಗ್ಗೆ ಲೈಬ್ರರಿಗೆ ನಡೆದು ಹೋಗುವುದನ್ನು ರೂಢಿ ಮಾಡಿಕೊಂಡರು. ವಾಕಿಂಗ್ ಆಗುತ್ತದೆ ಎಂದು ನಾನೇ ಖುಷಿಪಟ್ಟಿದ್ದೆ. ಒಳ್ಳೆಯ ಶೂ ಬೇರೆ ತಂದುಕೊಟ್ಟಿದ್ದೆ, ಪೆದ್ದನ ಹಾಗೆ.

ತಮ್ಮ ಕೈ ಕಟ್ಟಿಕೊಂಡು ನನ್ನ ಹಿಂದೆ ನಿಂತಿದ್ದ.

"ಯಾವಾಗಿಂದ?" ಎಂದೆ, ತಿರುಗದೆ.

ಅವನು ಸುಳ್ಳು ಹೇಳಲಿಲ್ಲ. "ಒಂದೂವರೆ ವರ್ಷ ಆಯ್ತು. ಅವರ ಕಣ್ಣು ನಾನೇ ನೋಡಿದೀನಿ ಅಣ್ಣ, ಡಾಕ್ಟ್ರಿಗೂ ತೋರಿಸಿದೀನಿ. ಹಗಲು ಹೊತ್ತು ಓಡಿಸ್ಬಹುದು ಅಂದ್ರು. ಪೇಪರಿನಲ್ಲಿ ಬರೆದುಕೊಟ್ಟಿದಾರೆ."

"ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಅಪ್ಪನೇ ಬೇಡ ಅಂದ್ರು."

ಮೈಯೆಲ್ಲ ಉರಿದುಹೋಯಿತು. ಎಣ್ಣೆ ಹಚ್ಚುವವನು ನಾನು, ಗುಟ್ಟು ಹಂಚಿಕೊಳ್ಳುವುದು ಇವನ ಹತ್ತಿರ. "ಅವರು ಓಡಿಸುವಾಗ ನೀನೇನ್ ಮಾಡ್ತಿರ್ತೀಯ? ದಾರಿ ತೋರಿಸ್ತೀಯಾ?"

"ನಿದ್ದೆ ಮಾಡ್ತೀನಿ," ಎಂದ. "ಕೂತ ಐದು ನಿಮಿಷಕ್ಕೆ ನಿದ್ದೆ ಬಂದ್ಬಿಡತ್ತೆ ನನಗೆ. ಕೆರೆ ದಾಟಿದ ಮೇಲೆ ಅವರೇ ಎಬ್ಬಿಸ್ತಾರೆ, ಟೀ ಕುಡಿಯೋಕೆ."

ಜಗಳ ಆಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಈಗಲೇ ಗೋಡೌನಿಗೆ ಹೋಗಿ ಅಪ್ಪನ ಮುಖಕ್ಕೆ ಹೇಳಿಬಿಡಬೇಕು ಅನ್ನಿಸಿತು. ನನ್ನ ಹೆಂಡತಿಯ ಕಿವಿಗೆ ಹಾಕಿದರಂತೂ ಸಾಕು, ಲೈಬ್ರರಿ ಅವತ್ತಿಗೇ ಬಂದ್. ಮಂಗಳವಾರವೂ ಇಲ್ಲ, ಶನಿವಾರವೂ ಇಲ್ಲ, ಅಪ್ಪನ ಮುಂದೆ ನಾನೂ ತಮ್ಮನೂ ಒಂದೇ ಸಮ. ಅಷ್ಟು ಮಾಡಲು ನನಗೆ ಒಂದು ನಿಮಿಷವೂ ಬೇಕಿರಲಿಲ್ಲ. ಆದರೆ ಕೈ ಇನ್ನೂ ಟೈರಿನ ಮೇಲಿತ್ತು, ಮತ್ತು ಇಪ್ಪತ್ತೆರಡು ವರ್ಷದ ಅಭ್ಯಾಸ ಸುಮ್ಮನೆ ಬಿಡುವುದಿಲ್ಲ. ತಡವಾಗಿ ಬ್ರೇಕ್, ಕಲ್ಲಿಗೆ ಉಜ್ಜಾಟ, ಬೆಳಗಿನ ಒದ್ದೆ ರಸ್ತೆ. ಯಾವುದನ್ನು ಹಾಕಬೇಕೆಂದು ಕೈ ಆಗಲೇ ತೀರ್ಮಾನ ಮಾಡಿತ್ತು.

"ಮೂರನೇದು ಹಾಕ್ತೀನಿ," ಎಂದೆ.

"ಅದಾ? ಅಂಗಡಿ ಸಾಮಾನು ತರೋ ಗಾಡಿಗೆ ಹಾಕೋ ತರ ಇದೆಯಲ್ಲಣ್ಣ."

"ನೀನು ನಿದ್ದೆ ಮಾಡೋನು, ನಿನಗ್ಯಾಕೆ? ಓಡಿಸೋರಿಗೆ ತಕ್ಕ ಟೈರ್ ಹಾಕ್ತೀನಿ."

ನಾಲ್ಕನ್ನೂ ಹಾಕಿ, ಬ್ಯಾಲೆನ್ಸ್ ಮಾಡಿ, ಗಾಳಿ ನೋಡಿ ಕೆಳಗಿಳಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಹೊಸ ಟೈರ್ ಹಾಕಿದ ಮೇಲೆ ಒಂದು ಸುತ್ತು ಹೋಗಿಬರಬೇಕು. ಓಡಿಸುವುದು ಗಾಡಿಯವರು, ಪಕ್ಕದಲ್ಲಿ ಕೂತು ಸದ್ದು ಕೇಳುವುದು ಅಂಗಡಿಯವರು. ಇದೂ ಅಪ್ಪ ಮಾಡಿದ ಪದ್ಧತಿಯೇ. ತಮ್ಮ ಕೀಗೆ ಕೈ ಚಾಚಿದ. ನಾನು ಅವನಿಗೆ ಕೊಡಲಿಲ್ಲ. ಗೋಡೌನಿಗೆ ಹೋಗಿ, ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಸುಮ್ಮನೆ ಅಲ್ಲಿಂದಿಲ್ಲಿಗೆ ಜೋಡಿಸುತ್ತಿದ್ದ ಅಪ್ಪನ ಮುಂದೆ ಹಿಡಿದೆ.

"ನಡೀರಿ. ಸದ್ದು ನೋಡ್ಬೇಕು."

ಅಪ್ಪ ಕೀಯನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಸಣ್ಣದಾಯಿತು, ಆಮೇಲೆ ಅರಳಿತು. ಆ ನಗು ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಕಡೆ ತಿರುಗಿತ್ತು. ನಿಜ ಹೇಳುತ್ತೇನೆ, ತಮ್ಮನ ಕಣ್ಣೆದುರೇ ಅಪ್ಪನನ್ನು ಸ್ಟೀರಿಂಗಿಗೆ ಕೂರಿಸಿ, ನಾನು ಪಕ್ಕದಲ್ಲಿ ಕೂತು ಹೊರಡುವಾಗ ನನಗೆ ಕೋಡು ಮೂಡಿತ್ತು. ಈ ಸೀಟು ಇನ್ನು ನನ್ನದು ಎಂದುಕೊಂಡೆ. ನಾನೂ ಕಣ್ಣು ಮುಚ್ಚುತ್ತೇನೆ, ಅದೇನು ಮಹಾ.

ಮೊದಲ ಬೀದಿಯಲ್ಲಿ ಮುಚ್ಚಿದೆ ಕೂಡ. ಬ್ಯಾಂಕಿನ ತಿರುವಿನಲ್ಲಿ ತೆರೆದುಕೊಂಡವು. ಸಿಗ್ನಲ್ಲಿನಲ್ಲಿ ಮುಂದಿದ್ದ ಬಸ್ಸು ಹತ್ತಿರ ಬರುತ್ತಲೇ ಇತ್ತು, ಅಪ್ಪನ ಕಾಲು ಬ್ರೇಕಿಗೆ ಹೋಗಲೇ ಇಲ್ಲ ಅನ್ನಿಸಿತು, ಆಮೇಲೆ ಹೋಯಿತು. ಕಾರು ಜಾಗಕ್ಕೆ ಸರಿಯಾಗಿ ನಿಂತಿತು. ಟೈರ್ ಒಳ್ಳೆಯದು. ಪೋಸ್ಟ್ ಆಫೀಸಿನ ಹತ್ತಿರ ಒಬ್ಬ ಹೆಂಗಸು ಸೈಕಲ್ಲಿನಲ್ಲಿ ಅಡ್ಡ ಬಂದಳು. ಅಪ್ಪ ಅವಳನ್ನು ಆಗಲೇ ನೋಡಿ ನಿಧಾನ ಮಾಡಿದ್ದರು. "ಅಪ್ಪ, ಸೈಕಲ್," ಎಂದು ನನ್ನ ಬಾಯಿ ತಾನಾಗಿ ಹೇಳಿತು. ಮುಂದಿನ ತಿರುವಿಗೆ "ನಿಧಾನ" ಎಂದಿತು. ಅದರ ಮುಂದಿನದಕ್ಕೆ ಏನೂ ಹೇಳಬಾರದೆಂದು ಹಲ್ಲು ಕಚ್ಚಿ ಹಿಡಿದೆ.

ಅಂಗಡಿ ಇನ್ನೂ ನೂರು ಹೆಜ್ಜೆ ಇರುವಾಗ ಅಪ್ಪ ಕಾರನ್ನು ಪಕ್ಕಕ್ಕೆ ತೆಗೆದುಕೊಂಡು, ಫುಟ್‌ಪಾತಿಗೆ ಒರಗಿಸಿ ನಿಲ್ಲಿಸಿದರು.

"ನಿನ್ನ ಕಾಲು ನೋಡ್ಕೋ," ಎಂದರು.

ನನ್ನ ಬಲಗಾಲು ನೆಲದ ಮ್ಯಾಟನ್ನು ಒತ್ತಿ ಮುದುರಿ ಮೂಲೆಗೆ ತಳ್ಳಿಬಿಟ್ಟಿತ್ತು. ಒಂದು ಕೈ ಬಾಗಿಲ ಹಿಡಿಯಲ್ಲಿತ್ತು, ಇನ್ನೊಂದು ಹ್ಯಾಂಡ್‌ಬ್ರೇಕಿನ ಮೇಲೆ.

"ನನಗೆ ಭಯ ಆಗತ್ತಪ್ಪ," ಎಂದೆ. "ನಿಮಗೇನಾದ್ರೂ ಆದ್ರೆ ಅಂತ."

"ಗೊತ್ತು ಕಣೋ. ನಿನ್ನಷ್ಟು ಚೆನ್ನಾಗಿ ನನ್ನನ್ನ ಯಾರೂ ನೋಡ್ಕೊಳಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಆದ್ರೆ ನೀನು ಪಕ್ಕದಲ್ಲಿ ಕೂತ್ರೆ ನನಗೂ ಭಯ ಶುರುವಾಗತ್ತೆ. ನನಗೆ ಎಪ್ಪತ್ತೊಂದು ಅನ್ನೋದು ನೆನಪಿಗೆ ಬರತ್ತೆ. ಹೋಗು, ಚಿಕ್ಕೋನನ್ನ ಕಳಿಸು."

ಇಳಿದೆ. ಅಂಗಡಿಯ ಮುಂದೆ ನಿಂತಿದ್ದ ತಮ್ಮನಿಗೆ ಕೈ ಸನ್ನೆ ಮಾಡಿದೆ. ಅವನು ನಡೆದು ಬಂದ. ಕೂತ, ಸೀಟನ್ನು ಹಿಂದಕ್ಕೆ ಒರಗಿಸಿಕೊಂಡ. ಕಾರು ಸಿಗ್ನಲ್ ಮುಟ್ಟುವಷ್ಟರಲ್ಲಿ ಅವನ ತಲೆ ಒಂದು ಪಕ್ಕಕ್ಕೆ ವಾಲಿದ್ದು ಹಿಂದಿನ ಗಾಜಿನಲ್ಲಿ ಕಾಣಿಸಿತು.

ಒಂದು ಗಂಟೆ ಬಿಟ್ಟು ಬಂದರು. ಅಪ್ಪ ನೆಟ್ಟಗೆ ನನ್ನ ಮೇಜಿನ ಹತ್ತಿರ ಬಂದು, ಬಾಗಿ, ತಮ್ಮನಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು: "ಟೈರ್ ಸರಿಯಾಗಿ ಆರಿಸಿದೀಯ. ನಾನಾಗಿದ್ರೂ ಇದನ್ನೇ ಹಾಕ್ತಿದ್ದೆ."

ಇಪ್ಪತ್ತೆರಡು ವರ್ಷದಲ್ಲಿ ಅಪ್ಪ ನನಗೆ ಈ ಮಾತು ಹೇಳಿದ್ದು ಅದೇ ಮೊದಲು. ಆ ಸೀಟಿನಲ್ಲಿ ಕಣ್ಣು ಮುಚ್ಚಿ ಹತ್ತು ನಿಮಿಷ ಕೂರಲು ನನಗೆ ಬಂದಿದ್ದರೆ, ಆ ಮಾತನ್ನು ತಮ್ಮನಿಗೇ ಕೊಟ್ಟುಬಿಡುತ್ತಿದ್ದೆ.