ಎಡಗೈಯವಳ ಕೋವಿ

ದೀಪುವಿನ ಫೋನಿನಲ್ಲಿ ಮೂರು ಕೋವಿಗಳ ಫೋಟೋ ಇದ್ದವು. ಯಾವುದು ಬೇಕೆಂದು ಶುಕ್ರವಾರ ಸಂಜೆ ಐದರೊಳಗೆ ಹೇಳದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಮೈಸೂರಿನ ಅಂಗಡಿಯವನು ಹೇಳಿದ್ದ. ಊರಿನ ಐದು ಎಂದರೆ ಅವನಿದ್ದ ಕುವೈತಿನಲ್ಲಿ ಎರಡೂವರೆ. ಮೂರೂ ಹಳೆಯ ಕಾಲದ ಮಾದರಿಯವು. ನಳಿಗೆಯ ಬಾಯಿಂದ ಮದ್ದು ತುಂಬಿ, ಚಕಮಕಿ ಕಲ್ಲಿನ ಕಿಡಿಯಿಂದ ಹಾರಿಸಬೇಕು. ಮೊದಲನೆಯದರ ಮೈತುಂಬ ಹಿತ್ತಾಳೆಯ ಹೂಬಳ್ಳಿ. ಎರಡನೆಯದು ಗಟ್ಟಿಮುಟ್ಟು, ಬೆಲೆಯೂ ಹಾಗೆಯೇ. ಮೂರನೆಯದು ತೀರಾ ಅಗ್ಗ. ಅದನ್ನು ದೀಪು ಸರಿಯಾಗಿ ನೋಡಿಯೂ ಇರಲಿಲ್ಲ. ಅಗ್ಗದ ಮಾಲಿನಲ್ಲಿ ಏನೋ ಐಬು ಇದ್ದೇ ಇರುತ್ತದೆ.

ಅವನ ಒಕ್ಕದ, ಎಂದರೆ ಮನೆತನದ, ಕೋವಿ ಇದ್ದದ್ದು ದೊಡ್ಡಪ್ಪನ ಬಳಿ. ಕೈಲ್‌ಪೊಳ್ದ್ ಎಂದರೆ ಕೊಡವರು ಕೋವಿ, ಕತ್ತಿಗಳನ್ನು ಪೂಜಿಸುವ ಹಬ್ಬ. ಕಳೆದ ಸಲ ರಜೆ ಹಾಕಿ ಅದಕ್ಕೆ ಹೋದಾಗ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗಂಡುಹುಡುಗರೆಲ್ಲ ಗುಂಡು ಹೊಡೆದು ಮುಗಿಸುವಷ್ಟರಲ್ಲಿ ಮದ್ದು ಖಾಲಿಯಾಗಿತ್ತು. ಸಾಲಿನ ಕೊನೆಯಲ್ಲಿ ನಿಂತಿದ್ದವಳು ಅವನ ಮಗಳು ಮಾನ್ಯಾ, ಹದಿನಾಲ್ಕು ವರ್ಷದವಳು. “ಮುಂದಿನ ವರ್ಷ ನೋಡುವ, ಕುಂಞಿ” ಎಂದು ದೊಡ್ಡಪ್ಪ ಕೈತೊಳೆದುಕೊಂಡರು. ಹುಡುಗಿ ಕುವೈತಿಗೆ ಬಂದು ಇಳಿಯುವವರೆಗೂ ಬಾಯಿ ಬಿಡಲಿಲ್ಲ. ತನ್ನ ಮನೆಗೆ ಒಂದು ಕೋವಿ ಕೊಳ್ಳಬೇಕೆಂದು ದೀಪು ಆಗಲೇ ನಿರ್ಧರಿಸಿದ. ಊರಿನಲ್ಲಿ ಕಾಗದಪತ್ರ ಸಿದ್ಧವಿತ್ತು, ಕೋವಿಯೂ ಅಲ್ಲೇ ಇರುವುದು. ಅಂಥದ್ದನ್ನು ಕುವೈತಿನ ರುಮೈಥಿಯಾದ ಫ್ಲಾಟಿಗೆ ತಂದು ಜೈಲಿಗೆ ಹೋಗುವ ಹುಚ್ಚು ಅವನಿಗಿರಲಿಲ್ಲ.

ಹೆಂಡತಿ ಕಾವೇರಮ್ಮ ಆಸ್ಪತ್ರೆಯಲ್ಲಿ ನರ್ಸು. ಅವಳ ಜೊತೆ ಕೆಲಸ ಮಾಡುವ ಅಪೊಲೋನಿಯಾಳ ಗಂಡ ಲಿಗೋರಿ ಶುವೈಖ್‌ನ ಒಂದು ವರ್ಕ್‌ಶಾಪಿನಲ್ಲಿ ಬೇಟೆಗಾರರ ಬಂದೂಕು ರಿಪೇರಿ ಮಾಡುತ್ತಿದ್ದರು. ಶುಕ್ರವಾರ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಹಳೆಯ ಬಂದೂಕುಗಳ ಉಸ್ತುವಾರಿ. “ಅವರನ್ನು ಕೇಳದೆ ಕೊಂಡರೆ ಆ ಕೋವಿಯ ಜೊತೆ ನೀವೂ ಹೊರಗೇ ಮಲಗಬೇಕು” ಎಂದು ಕಾವೇರಮ್ಮ ಹೇಳಿದ್ದಳು. ಹಾಗಾಗಿ ಶುಕ್ರವಾರ ಒಂದು ಗಂಟೆಗೆ ಅಪ್ಪ ಮಗಳು ಕ್ಲಬ್ಬಿಗೆ ಬಂದರು.

ಲಿಗೋರಿ ಕಡ್ಡಿಯಂಥ ಮನುಷ್ಯ. ಕಣ್ಣಿನ ಕೆಳಗೆ ಹಚ್ಚೆ ಹಾಕಿದ ಹಾಗೆ ನೀಲಿ ಚುಕ್ಕೆಗಳು. ಮೊದಲ ಫೋಟೋ ನೋಡಿಯೇ ಮೂಗು ಮುರಿದರು.

“ಇದು ಗೋಡೆಗೆ ತೂಗು ಹಾಕ್ಲಿಕ್ಕೆ ಮಾರಾಯ್ರೆ. ಹೊಡಿಲಿಕ್ಕೆ ಅಲ್ಲ. ಕಲ್ಲು ಬಡಿಯುವ ಈ ತಗಡು ಉಂಟಲ್ಲ, ಗಟ್ಟಿ ಉಕ್ಕು ಇರ್ಬೇಕು. ಇದರಲ್ಲಿ ಕಿಡಿ ಬರುವಾಗ ನಿಮ್ಮ ಮಗಳಿಗೆ ಮದುವೆ ಆಗಿರ್ತದೆ.”

“ಎರಡನೆಯದು?”

“ಒಳ್ಳೆ ಮಾಲು. ಮೊದ್ಲು ಹುಡುಗಿ ಹಿಡಿದು ನೋಡ್ಲಿ, ಆಮೇಲೆ ಮಾತು.”

ಕ್ಲಬ್ಬಿನ ಚಕಮಕಿ ಕೋವಿಯೊಂದನ್ನು ಮೇಜಿನ ಮೇಲೆ ಇಟ್ಟು ಅವರು ಕನ್ನಡಕ ತರಲು ಒಳಗೆ ಹೋದರು. ದೀಪು ಜೇಬಿನಿಂದ ಸಣ್ಣ ಶೀಶೆ ತೆಗೆದ. ಮಗಳು ಮೊದಲ ಸಲ ಕೋವಿ ಮುಟ್ಟುತ್ತಿದ್ದಾಳೆ, ಬರಿಗೈಯಲ್ಲಿ ಹೇಗೆ? ಹಬ್ಬದಲ್ಲಿ ಅಜ್ಜ ಮಾಡುತ್ತಿದ್ದಂತೆ ನಾಲ್ಕು ತೊಟ್ಟು ತೆಂಗಿನೆಣ್ಣೆಯನ್ನು ಕಲ್ಲಿಗೂ ತಗಡಿಗೂ ಸವರಿ ಕಣ್ಣಿಗೊತ್ತಿಕೊಂಡ.

ಲಿಗೋರಿ ಮಾನ್ಯಾಳಿಗೆ ಕನ್ನಡಕ ಹಾಕಿಸಿದರು. ನಳಿಗೆಗೆ ಏನೂ ತುಂಬಲಿಲ್ಲ, ಪಕ್ಕದ ಪುಟ್ಟ ಬಟ್ಟಲಿಗೆ ಮಾತ್ರ ಚಿಟಿಕೆ ಮದ್ದು ಹಾಕಿದರು. “ಮೊದ್ಲು ಬರೀ ಬೆಂಕಿ. ಬೆಚ್ಚಿ ಬೀಳದ ಹಾಗೆ ಅಭ್ಯಾಸ ಆಗ್ಲಿ. ನಾನು ಹೇಳಿದ ಮೇಲೆ ಒತ್ತು.”

“ಬಲ ಭುಜಕ್ಕೆ, ಮಾನ್ಯಾ” ಎಂದ ದೀಪು. ಒಕ್ಕದಲ್ಲಿ ಎಲ್ಲರೂ ಹಾಗೆಯೇ ಹಿಡಿಯುವುದು.

“ಇಟ್ಸ್ ಸೋ ಆಕ್ವರ್ಡ್, ಪಪ್ಪಾ.”

“ಅಭ್ಯಾಸ ಆಗುತ್ತೆ.”

ಗುರಿಯ ಕಡೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಲಿಗೋರಿ ಅತ್ತ ತಿರುಗಿದರು. ಅಷ್ಟರಲ್ಲಿ ಹುಡುಗಿ ಕೋವಿಯನ್ನು ಎಡ ಭುಜಕ್ಕೆ ಬದಲಿಸಿ ಒತ್ತಿಯೇ ಬಿಟ್ಟಳು.

ಟಕ್. ಅಷ್ಟೇ. ಕಿಡಿಯಿಲ್ಲ, ಹೊಗೆಯಿಲ್ಲ.

ತಿರುಗಿದ ಲಿಗೋರಿಯ ಮುಖ ಬಿಳಿಚಿತು. ಹುಡುಗಿಯ ಕೈಯಿಂದ ಕೋವಿ ಕಿತ್ತುಕೊಂಡು ಬಟ್ಟಲಿನ ಮದ್ದು ಚೆಲ್ಲಿದರು. ಕಲ್ಲನ್ನು ಮುಟ್ಟಿ ಬೆರಳು ಮೂಸಿದರು.

“ಯಾರು ಇದಕ್ಕೆ ಎಣ್ಣೆ ಹಾಕಿದ್ದು?”

“ನಾನು. ನಮ್ಮಲ್ಲಿ ಹಬ್ಬಕ್ಕೆ…”

“ಪೂಜೆ ಮಾಡ್ಲಿಕ್ಕೆ ಬಂದದ್ದಾ, ಹೊಡಿಲಿಕ್ಕಾ? ಎಣ್ಣೆ ಆದ್ರೆ ಕಲ್ಲು ಜಾರ್ತದೆ, ಕಿಡಿ ಎಲ್ಲಿಂದ? ದಡ್ಡ ಕೆಲಸ.” ಬೆರಳನ್ನು ಅಂಗಿಗೆ ಒರೆಸಿಕೊಂಡರು. “ಆದ್ರೆ ಇವತ್ತು ನಿಮ್ಮ ದಡ್ಡತನವೇ ಈ ಮಗುವನ್ನು ಉಳಿಸಿದ್ದು. ಇವಳು ಎಡಗೈಯವಳು ಅಂತ ಯಾಕೆ ಹೇಳ್ಲಿಲ್ಲ?”

ದೀಪು ಎಣ್ಣೆಯ ಶೀಶೆಯನ್ನು ಜೇಬಿಗೆ ಹಾಕಿಕೊಂಡ. ಮಾನ್ಯಾ ಬರೆಯುವುದು, ತಿನ್ನುವುದು, ಟೆನಿಸ್ ಆಡುವುದು ಎಲ್ಲ ಎಡಗೈಯಲ್ಲಿ. ದೊಡ್ಡಪ್ಪನ ಮುಂದೆ ಕೋವಿಯನ್ನಾದರೂ ಬಲಗೈಯಲ್ಲಿ ಹಿಡಿಯಲಿ ಎಂದು ಅವನಿಗೆ ಆಸೆ.

ಲಿಗೋರಿ ಖಾಲಿ ಕೋವಿಯನ್ನು ತಮ್ಮ ಎಡ ಭುಜಕ್ಕೆ ಇಟ್ಟು ತೋರಿಸಿದರು. ಮದ್ದಿನ ಬಟ್ಟಲು ನೇರ ಅವರ ಮುಖದ ಬದಿಗೆ ಬಂತು.

“ಬೆಂಕಿ ಎಲ್ಲಿಗೆ ಹಾರ್ತದೆ, ನೋಡಿ. ಕನ್ನಡಕ ಕಣ್ಣು ಉಳಿಸ್ತದೆ, ಕೆನ್ನೆ ಉಳಿಸುದಿಲ್ಲ. ನನ್ನ ಅಪ್ಪನೂ ಬಲಗೈ ಬಲಗೈ ಅಂತ ನಂಗೆ ಹೊಡೀತಿದ್ರು. ಅವರು ಅತ್ತ ಹೋದಾಗ ನಾನು ಎಡಗೈಯಲ್ಲಿ ಹಿಡಿದೆ, ಈಗ ಇವಳು ಮಾಡಿದ ಹಾಗೆಯೇ. ನಮ್ಮ ಕೋವಿಗೆ ಯಾರೂ ಎಣ್ಣೆ ಹಾಕಿರ್ಲಿಲ್ಲ.” ಕಣ್ಣಿನ ಕೆಳಗಿನ ನೀಲಿ ಚುಕ್ಕೆಗಳನ್ನು ಒಮ್ಮೆ ಸವರಿಕೊಂಡರು.

ಮಾನ್ಯಾ ಆ ಚುಕ್ಕೆಗಳನ್ನೇ ನೋಡುತ್ತಿದ್ದಳು. ದೀಪು ಅಲ್ಲಿದ್ದ ಬೆಂಚಿನ ಮೇಲೆ ಕುಳಿತ.

“ಹಾಗಾದರೆ ಖಲಾಸ್” ಎಂದ. “ಇವಳಿಗೆ ಕೋವಿ ಬೇಡ.”

“ಪಪ್ಪಾ!”

“ಯಾಕೆ ಬೇಡ? ಮೂರನೇದು ತೋರ್ಸಿ.” ಲಿಗೋರಿ ಫೋಟೋ ಹಿಗ್ಗಿಸಿ ನೋಡಿದರು, ಇನ್ನೂ ಹಿಗ್ಗಿಸಿದರು. ಆಮೇಲೆ ನಕ್ಕರು. “ಇದರ ಐಬು ಎಂತ ಗೊತ್ತುಂಟಾ? ಕಲ್ಲು, ಬಟ್ಟಲು ಎಲ್ಲ ಎಡಬದಿಯಲ್ಲಿ. ಎಡಗೈಯವರಿಗೇ ಮಾಡಿದ್ದು. ಯಾರೂ ಕೇಳುದಿಲ್ಲ, ಅದಕ್ಕೇ ಅಗ್ಗ. ನಳಿಗೆ ಒಳ್ಳೇದು ಕಾಣ್ತದೆ. ಊರಿಗೆ ಹೋದ ಮೇಲೆ ತಿಳಿದವರ ಹತ್ರ ಒಮ್ಮೆ ಬಿಚ್ಚಿಸಿ ನೋಡಿ.”

ಗಂಟೆ ಎರಡೂ ಇಪ್ಪತ್ತು. ದೀಪು ಅಲ್ಲಿಂದಲೇ ಫೋನ್ ಮಾಡಿದ. “ಸಾರ್, ಅದು ಎಡಗಡೆಯದು, ಆಮೇಲೆ ವಾಪಸ್ ಅನ್ನಬೇಡಿ” ಎಂದ ಅಂಗಡಿಯವನು. “ಅದೇ ಬೇಕು. ನನ್ನ ಮಗಳು ಎಡಗೈಯವಳು” ಎಂದ ದೀಪು, ಪಕ್ಕದ ಸಾಲಿನವರಿಗೂ ಕೇಳುವ ಹಾಗೆ.

ಆಮೇಲೆ ಲಿಗೋರಿಯ ಕೈ ಹಿಡಿದುಕೊಂಡ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅವನಿಗಿಂತ ಮೊದಲು ಬಾಯಿ ಬಿಟ್ಟಳು. “ಅಂಕಲ್, ನೀವು ಬೈದದ್ದು ಒಳ್ಳೇದಾಯ್ತು. ತುಂಬಾ ಉಪಕಾರ.”

“ಬೈಲಿಕ್ಕೆ ನಂಗೆ ಇಷ್ಟವೇ” ಎಂದರು ಲಿಗೋರಿ. “ನಿನ್ನ ಅಮ್ಮ ಹೇಳಿದ ಆ ಹಬ್ಬದ ತೆಂಗಿನಕಾಯಿ ಒಡೆದ ಮೇಲೆ ಒಂದು ಚಿಪ್ಪು ತಂದು ಕೊಡು, ಸಾಕು. ಈಗ ಇಬ್ರೂ ಕೂತು ಈ ಎಣ್ಣೆ ಉಜ್ಜಿ ತೆಗೀರಿ. ಯಲ್ಲಾ, ಬೇಗ.”

ಎಣ್ಣೆ ಪೂರ್ತಿ ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಮಾನ್ಯಾ ಎಡಗೈಯಲ್ಲಿ ಉಜ್ಜಿದಳು. ಬಟ್ಟೆ ಕೊಳೆಯಾದಾಗಲೆಲ್ಲ ದೀಪು ಹೊಸದನ್ನು ಅವಳ ಎಡಗೈಗೇ ಕೊಟ್ಟ.