ಸೆಪ್ಟೆಂಬರಿನಲ್ಲಿ ಸೋತ ಕಂಬ

ನಮ್ಮ ಕಂಪನಿಯ ಹೆಸರು ಸನಾಗ್-ಸುಬಾ. ಇಲೋಯ್ಲೋ ನಗರದ ಒಂದು ಬೇಕರಿಯ ಮಹಡಿಯಲ್ಲಿ ಎರಡು ಕೋಣೆ, ಏಳು ಜನ. ನೆರೆ ಬರುವ ಮುಂಚೆ ಹೊಳೆದಂಡೆಯವರನ್ನು ಎಚ್ಚರಿಸುವ ಕಂಬ ಮಾಡುವುದು ನಮ್ಮ ಕೆಲಸ. ನಾನು, ನೆಲ್ಮಾರ್, ಬೆಳಿಗ್ಗೆ ತಂತಿ ಬೆಸೆಯುತ್ತೇನೆ, ಮಧ್ಯಾಹ್ನ ಕಂಪನಿಯ ವೆಬ್ ಪುಟಕ್ಕೆ ಸುದ್ದಿ ಬರೆಯುತ್ತೇನೆ. ಏಳು ಜನರ ಕಂಪನಿಯಲ್ಲಿ ಸುದ್ದಿ ಅಷ್ಟಾಗಿ ಹುಟ್ಟುವುದಿಲ್ಲ. ಆದರೂ ನಮ್ಮ ಯಜಮಾನ ಸರ್ ವೆಂಡೆಲ್‌ಗೆ ವಾರಕ್ಕೊಂದು ಬೇಕು. ಹೊಸ ಫ್ಯಾನು ಬಂದದ್ದನ್ನು ನಾನು ಒಮ್ಮೆ ‘ಕಚೇರಿಯ ವಿಸ್ತರಣೆ’ ಎಂದು ಬರೆದಿದ್ದೆ.

ಕಂಬ ರೋಡೆಲಿನ್‌ಳದು. ಅವಳು ನಮ್ಮ ಇಂಜಿನಿಯರ್. ಎರಡು ವರ್ಷ ಕೂತು ಮಾಡಿದ್ದಳು. ಸೇತುವೆಯ ಕೆಳಗೆ ಒಂದು ಸೆನ್ಸರ್ ನೀರಿನ ಎತ್ತರ ಅಳೆಯುತ್ತದೆ, ದಂಡೆಯ ಕಂಬದ ಮೇಲೆ ದೀಪ ಹತ್ತುತ್ತದೆ. ಹಸಿರು ಎಂದರೆ ಮಲಗಿ, ಹಳದಿ ಎಂದರೆ ಗಂಟು ಕಟ್ಟಿ, ಕೆಂಪು ಎಂದರೆ ಓಡಿ. ಬಿಸಿಲಿನಿಂದ ತುಂಬುವ ಬ್ಯಾಟರಿ, ಒಂದು ಸೈಕಲ್ಲಿನಷ್ಟು ಬೆಲೆ. ಆಗಸ್ಟಿನಲ್ಲಿ ತಿಪೊಲೊ ಎಂಬ ಊರಿನ ಹೊಳೆಬೀದಿಯಲ್ಲಿ ಮೊದಲನೆಯದನ್ನು ನೆಟ್ಟೆವು. ಒಂದು ಮಳೆಗಾಲ ನೋಡುತ್ತೇವೆ, ಡಿಸೆಂಬರಿನಲ್ಲಿ ತೀರ್ಮಾನ ಹೇಳುತ್ತೇವೆ ಎಂದಿತ್ತು ಪಟ್ಟಣದ ಕಚೇರಿ. ಗೆದ್ದರೆ ಹೊಳೆಯುದ್ದದ ಊರುಗಳಿಗೆಲ್ಲ ನಮ್ಮ ಕಂಬ, ಸೋತರೆ ಮನಿಲಾದ ದೊಡ್ಡ ಕಂಪನಿಯೊಂದರ ಸೈರನ್.

“ಸೋತ್ರೆ ಜನವರೀಲಿ ಬಾಗ್ಲು ಹಾಕ್ತೀನಿ,” ಎಂದು ಸರ್ ವೆಂಡೆಲ್ ಊಟದ ಮೇಜಿನಲ್ಲಿ ಒಣಮೀನು ಮುರಿಯುತ್ತ ಹೇಳಿಬಿಟ್ಟಿದ್ದರು. ರೋಡೆಲಿನ್ ಇನ್ನೊಂದು ಹಿಡಿ ಅನ್ನ ಹಾಕಿಕೊಂಡಳು.

ಅಕ್ಟೋಬರಿನ ಒಂದು ಸಂಜೆ ಬೆಟ್ಟದ ಕಡೆ ಜೋರು ಮಳೆಯಾಯಿತು. ಕಚೇರಿಯ ಪರದೆಯ ಮೇಲೆ ತಿಪೊಲೊದ ಚುಕ್ಕಿ ಹಳದಿಯಾಯಿತು, ಆಮೇಲೆ ಕೆಂಪಾಯಿತು. ನಾವು ಚಪ್ಪಾಳೆ ತಟ್ಟಿದೆವು. ನಾನು ಸುದ್ದಿಗೆ ತಲೆಬರಹ ಯೋಚಿಸತೊಡಗಿದೆ. ರೋಡೆಲಿನ್ ಮಾತ್ರ ಫೋನೆತ್ತಿ ಊರಿನ ಮುಖಂಡನಿಗೆ ಹಚ್ಚಿದಳು. ಊರ ಮುಖಂಡನಿಗೆ ನಮ್ಮ ಕಡೆ ಕಾಪ್ ಎನ್ನುತ್ತಾರೆ, ಇವನು ಕಾಪ್ ದುಲೋ. ಆ ಕಡೆಯಿಂದ ಯಾರೋ ಮೈಕು ಹಿಡಿದು ಅಪಸ್ವರದಲ್ಲಿ ಹಾಡುವುದು ಕೇಳಿಸಿತು, ಅದು ನಡುವೆ ನಿಂತು ಅವನು ಹಲೋ ಎಂದ.

“ಕಾಪ್, ಇನ್ನೂ ಹೊರಟಿಲ್ವಾ? ಕೆಂಪು ದೀಪ ಹತ್ತಿದೆಯಲ್ಲ!”

“ಯಾವ ಕೆಂಪು ದೀಪ, ಇಂದಾಯ್? ಇಲ್ಲಿ ಹತ್ತಾರಿವೆ.” ಅವನ ಬಾಯಲ್ಲಿ ಹುಡುಗಿಯರೆಲ್ಲ ಇಂದಾಯ್.

“ಕಂಬದ್ದು, ಕಾಪ್! ಹೊಳೆ ನೋಡಿ ಹೊಳೆ!”

ಹಾಡು ಅಷ್ಟಕ್ಕೇ ಉಳಿಯಿತು. ಜನ ಶಾಲೆಯ ಮಹಡಿ ಹತ್ತಿದರು, ಯಾರಿಗೂ ಏನೂ ಆಗಲಿಲ್ಲ. ಮೂರು ಹಂದಿ ಕೊಚ್ಚಿಹೋದವು. ಜನ ಉಳಿದದ್ದು ಫೋನಿನಿಂದ, ಕಂಬದಿಂದಲ್ಲ. ಅದು ಎಲ್ಲರಿಗೂ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವಳ ಬೈಕಿನಲ್ಲಿ ಇಬ್ಬರೂ ತಿಪೊಲೊಗೆ ಹೋದೆವು. ಪಟ್ಟಣ ಕಚೇರಿಯ ನೆರೆ ವಿಭಾಗದ ಮೇಡಂ ಲಿಬ್ರಾಡಾ ಆಗಲೇ ಕೊಡೆ ಹಿಡಿದು ನಿಂತಿದ್ದರು. ಕಂಬ ಎಲ್ಲಿದೆ ಎಂದು ನಾನು ಹುಡುಕಬೇಕಾಯಿತು. ಬುಡದಿಂದ ತುದಿಯವರೆಗೆ ಕ್ರಿಸ್‌ಮಸ್ಸಿನ ನಕ್ಷತ್ರದಾಕಾರದ ಆಕಾಶಬುಟ್ಟಿಗಳು. ಬಿದಿರಿನವು, ಚಿಪ್ಪಿನವು, ಪ್ಲಾಸ್ಟಿಕ್ಕಿನವು, ಕೆಂಪು, ಹಸಿರು, ಹಳದಿ. ನಮ್ಮ ದೀಪದ ಎರಡೂ ಪಕ್ಕ ದೊಡ್ಡ ಕೆಂಪು ನಕ್ಷತ್ರಗಳು ಹಗಲಲ್ಲೇ ಮಿಣುಕುತ್ತಿದ್ದವು.

“ಯಾವಾಗ ಕಟ್ಟಿದ್ದು ಇವನ್ನ?” ಎಂದಳು ರೋಡೆಲಿನ್.

“ಯಾವಾಗ ಅಂದ್ರೆ? ಸೆಪ್ಟೆಂಬರ್ ಒಂದಕ್ಕೆ,” ಎಂದ ಕಾಪ್ ದುಲೋ. ನಮ್ಮಲ್ಲಿ ಕ್ರಿಸ್‌ಮಸ್ ಶುರುವಾಗುವುದೇ ಸೆಪ್ಟೆಂಬರಿಗೆ; ಇಂಥ ಪ್ರಶ್ನೆಯೂ ಉಂಟೇ ಎಂಬಂತೆ ಅವಳನ್ನು ನೋಡಿದ. “ಹಬ್ಬದ ತಿಂಗಳಲ್ಲಿ ಬೀದಿ ಮಧ್ಯ ಬೋಳು ಕಂಬ ನಿಲ್ಸೋಕಾಗುತ್ತಾ? ನೋಡಿದವ್ರು ಏನಂತಾರೆ? ನಿಮ್ಮ ಕಂಬಕ್ಕೇ ಎಲ್ಲಕ್ಕಿಂತ ಜಾಸ್ತಿ ಕಟ್ಟಿದೀವಿ. ಮರ್ಯಾದೆ ಕೊಟ್ಟಿದೀವಿ, ಇಂದಾಯ್.”

“ನಿಮ್ಮ ಮರ್ಯಾದೆಗೆ ಮೂರು ಹಂದಿ ಹೋಯ್ತು, ಕಾಪ್.”

“ಅದ್ರಲ್ಲಿ ಎರಡು ನಂದೇ!” ಎಂದು ಹಿಂದಿನಿಂದ ಅವನ ಹೆಂಡತಿ ಪಾಸಿಂಗ್ ಕೂಗಿದಳು. “ಹಾಡ್ತಿದ್ದವ್ನು ಇವ್ನೇ. ಇವನ ಹಾಡು ಕೇಳಿ ಹಂದಿ ತಾವಾಗೇ ಹೊಳೆಗೆ ಹಾರಿದ್ವೋ ಏನೋ.”

ಸುತ್ತಲಿನವರು ನಕ್ಕರು. ಮೇಡಂ ಲಿಬ್ರಾಡಾ ನಗಲಿಲ್ಲ. “ದೀಪ ಹತ್ತಿದ್ದು ನಿಜ. ಯಾರಿಗೂ ಕಾಣಿಸ್ಲಿಲ್ಲ ಅನ್ನೋದೂ ನಿಜ,” ಎಂದರು. “ಕಾಣದಿರೋ ದೀಪಕ್ಕೆ ನಾನು ಸಹಿ ಹಾಕಲ್ಲ. ಇನ್ನೊಂದು ನೆರೆವರೆಗೂ ಕಾಯ್ತೀನಿ, ಅಷ್ಟೇ.”

ಕಚೇರಿಗೆ ಮರಳಿದಾಗ, ಆ ಬುಟ್ಟಿಗಳನ್ನೆಲ್ಲ ಇಳಿಸಲು ಆಜ್ಞೆ ತರುತ್ತೇನೆ ಎಂದರು ಸರ್ ವೆಂಡೆಲ್. ಬೇಡ ಎಂದಳು ರೋಡೆಲಿನ್. “ಇವತ್ತು ಇಳಿಸ್ತಾರೆ, ನಾಳೆ ಮತ್ತೆ ಕಟ್ತಾರೆ, ಸರ್. ಇಳಿಸಿದ್ದಕ್ಕೆ ನಮ್ಮ ಮೇಲೆ ಸಿಟ್ಟು ಬೇರೆ. ತಪ್ಪು ಅವರದ್ದಲ್ಲ. ತಲೆ ಎತ್ತಿ ನೋಡಿ.”

ನಾವು ತಲೆ ಎತ್ತಿದೆವು. ಅವಳ ಮೇಜಿನ ಮೇಲೇ ಒಂದು ನಕ್ಷತ್ರ ಬುಟ್ಟಿ ತೂಗುತ್ತಿತ್ತು. ಕೆಂಪು, ಹಸಿರು, ಕೆಂಪು, ಹಸಿರು. ಹೋದ ವರ್ಷ ಇದರ ಕೆಳಗೇ ಕೂತು ಅವಳು ಆ ಕಂಬದ ನಕ್ಷೆ ಬರೆದಿದ್ದಳು. ವರ್ಷದಲ್ಲಿ ನಾಲ್ಕು ತಿಂಗಳು ಈ ದೇಶದಲ್ಲಿ ಕೆಂಪು ದೀಪಕ್ಕೆ ಬೆಲೆಯಿಲ್ಲ. ಇಲ್ಲೇ ಹುಟ್ಟಿ ಬೆಳೆದ ಏಳು ಜನರಿಗೆ ಅದು ಹೊಳೆದಿರಲಿಲ್ಲ.

“ಹೊರಗಿನವ್ರು ಬಂದು ಮಾಡಿದ್ರೆ ಬಯ್ಬಹುದಿತ್ತು,” ಎಂದಳು. “ಈಗ ಯಾರನ್ನ ಬಯ್ಯೋದು?”

ಮುಂದಿನ ದಿನಗಳಲ್ಲಿ ಅವಳು ದೀಪ ದೊಡ್ಡದು ಮಾಡಿದಳು, ಮಿಣುಕಿಸಿದಳು, ನೀಲಿ ಮಾಡಿದಳು. ಏನು ಮಾಡಿದರೂ ಮಾರುಕಟ್ಟೆಯಲ್ಲಿ ಅಂಥದೇ ನಕ್ಷತ್ರ ಸಿಗುತ್ತಿತ್ತು, ಅದೂ ಅಗ್ಗಕ್ಕೆ. ಗಂಟೆ ಕಟ್ಟೋಣ ಎಂದೆ. “ಕಾಪ್ ಹಾಡೋವಾಗ ನಿನ್ನ ಗಂಟೆ ಯಾರಿಗೆ ಕೇಳುತ್ತೆ?” ಎಂದಳು.

ಒಂದು ಸಂಜೆ ಬೇಕರಿಯ ಬೀದಿಯಲ್ಲಿ ಕರೆಂಟು ಹೋಯಿತು. ಒಮ್ಮೆಗೇ ಇಡೀ ಬೀದಿ “ಆ—ಯ್!” ಎಂದಿತು. ನಮ್ಮಲ್ಲಿ ಕರೆಂಟು ಹೋದಾಗ ಯಾವಾಗಲೂ ಹಾಗೇ. ಕೂಸುಗಳಿಂದ ಅಜ್ಜಿಯರವರೆಗೆ ಒಂದೇ ಕೂಗು, ಆಮೇಲೆ ಎಲ್ಲರೂ ಬೀದಿಗೆ ಬಂದು, ಯಾರ ಮನೆಯಲ್ಲಿ ಇದೆ, ಯಾರ ಮನೆಯಲ್ಲಿ ಹೋಗಿದೆ ಎಂದು ಅತ್ತಿತ್ತ ನೋಡುತ್ತಾರೆ. ನಾನೂ ಕೂಗಿದೆ. ರೋಡೆಲಿನ್ ಕೂಗಲಿಲ್ಲ. ಕಿಟಕಿಗೆ ಹೋಗಿ ಬೀದಿಯನ್ನು ನೋಡುತ್ತ ನಿಂತಳು.

“ದೀಪ ಹತ್ತಿದ್ರೆ ಯಾರೂ ನೋಡಲ್ಲ,” ಎಂದಳು. “ಆರಿದ್ರೆ ಹೆಣನೂ ಎದ್ದು ಹೊರಗೆ ಬರುತ್ತೆ.”

ಆ ವಾರವೇ ಮತ್ತೆ ತಿಪೊಲೊಗೆ ಹೋದೆವು. ಅವಳು ಕಾಪ್ ದುಲೋನ ಅಂಗಳದಲ್ಲಿ ಕೂತು ಹೇಳಿದಳು: ನಕ್ಷತ್ರ ಇಳಿಸುವುದು ಬೇಡ, ಇನ್ನೂ ಕಟ್ಟಿ. ಹೊಳೆಬೀದಿಯ ಎಲ್ಲ ಮನೆಗಳ ನಕ್ಷತ್ರಗಳಿಗೂ ಕರೆಂಟು ನಮ್ಮ ಕಂಬದ ಮೂಲಕ ಬರಲಿ. ಹೊಳೆ ಏರಿದರೆ ಕಂಬ ಎಲ್ಲವನ್ನೂ ಒಟ್ಟಿಗೆ ಆರಿಸುತ್ತದೆ. ತುದಿಯ ಒಂದು ನಕ್ಷತ್ರ ಮಾತ್ರ ಬ್ಯಾಟರಿಯಲ್ಲಿ ಕೆಂಪಗೆ ಉರಿಯುತ್ತದೆ.

“ಬರೀ ಕರೆಂಟ್ ಹೋದ್ರೆ?” ಎಂದ ಕಾಪ್.

“ತುದೀದು ಹಸಿರಾಗೇ ಇರುತ್ತೆ. ಕರೆಂಟಿನವ್ರನ್ನ ಬಯ್ದು ಮಲಗಿ.”

“ಮಳೆಗೆ ಕರೆಂಟು ಮೊದ್ಲೇ ಹೋಗಿದ್ದು, ಆಮೇಲೆ ಹೊಳೆ ಬಂದ್ರೆ?”

“ಕತ್ತಲಲ್ಲಿ ಉರಿಯೋದು ಅದೊಂದೇ, ಕಾಪ್. ಅದೂ ಕಾಣ್ಸಲ್ಲ ಅಂದ್ರೆ ಕಣ್ಣಿಗೆ ಔಷಧಿ ಹಾಕ್ಕೊಳ್ಳಿ.”

“ಹಗಲಲ್ಲಿ?”

“ಹಗಲಲ್ಲಿ ಹೊಳೆನೇ ಕಾಣುತ್ತೆ.”

ಅವನು ಗದ್ದ ಕೆರೆದುಕೊಂಡ. “ಅಂದ್ರೆ ತುದಿ ನಕ್ಷತ್ರ ನಾವೇ ಮಾಡ್ಬಹುದಾ? ದೊಡ್ಡದಾಗಿ?”

“ಪಕ್ಕದೂರಿಗೂ ಕಾಣೋ ಹಾಗೆ ಮಾಡಿ.”

ಪಕ್ಕದೂರು ಎಂದದ್ದೇ ಸಾಕಾಯಿತು. ಪಾಸಿಂಗ್ ಮತ್ತು ಬೀದಿಯ ಹೆಂಗಸರು ಬಿದಿರು ಸೀಳಿ, ಒಬ್ಬ ಆಳಿನಷ್ಟು ಎತ್ತರದ ನಕ್ಷತ್ರ ಕಟ್ಟಿದರು. ನಾವು ತಂತಿ ಎಳೆದೆವು. ತನ್ನ ನಕ್ಷತ್ರಕ್ಕೆ ಮೊದಲು ಕರೆಂಟು ಬರಬೇಕೆಂದು ಎರಡು ಮನೆಯವರು ಜಗಳವಾಡಿದರು. ಕೆಲಸ ಮುಗಿಯುವಷ್ಟರಲ್ಲಿ ನವೆಂಬರೂ ಮುಗಿದಿತ್ತು.

ಡಿಸೆಂಬರಿನಲ್ಲಿ ಒಂದು ಚಂಡಮಾರುತ ದಕ್ಷಿಣಕ್ಕೆ ಹಾದುಹೋಯಿತು. ನಮಗೆ ಸಿಕ್ಕಿದ್ದು ಅದರ ಬಾಲ ಮಾತ್ರ, ಹೊಳೆಗೆ ಅಷ್ಟೇ ಸಾಕಿತ್ತು. ಸಂಜೆ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ, ಪರದೆಯ ಚುಕ್ಕಿ ಕೆಂಪಾಯಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ರೋಡೆಲಿನ್ ಫೋನು ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತ ಕೂತಳು, ಕಾಲು ಗಂಟೆಯಾದರೂ ಹಚ್ಚಲಿಲ್ಲ.

“ಹಚ್ಚು,” ಎಂದರು ಸರ್ ವೆಂಡೆಲ್. “ಜನರ ಜೀವದ ಪ್ರಶ್ನೆ.”

“ಗೊತ್ತು ಸರ್,” ಎಂದು ಅವಳು ಗುಂಡಿ ಒತ್ತುವಷ್ಟರಲ್ಲಿ ಫೋನು ತಾನೇ ಬಡಿದುಕೊಂಡಿತು. ಕಾಪ್ ದುಲೋ. ಅವಳು ಸ್ಪೀಕರ್ ಹಾಕಿದಳು. ಹಂದಿಗಳ ಕಿರುಚಾಟದಲ್ಲಿ ಮೊದಲು ಅವನ ಮಾತೇ ಕೇಳಿಸಲಿಲ್ಲ.

“ಫೋನ್ ಮಾಡ್ಬೇಡ ಇಂದಾಯ್, ನಾವು ಆಗ್ಲೇ ಶಾಲೆ ಮಹಡಿ ಮೇಲಿದೀವಿ! ದೀಪ ಹೋದದ್ದೇ ಇಡೀ ಬೀದಿ ಕೂಗ್ತು. ನಾನಿನ್ನೂ ಹಾಡು ಶುರು ಮಾಡಿರ್ಲಿಲ್ಲ!”

“ದೇವ್ರು ದೊಡ್ಡವ್ನು!” ಎಂದು ಹಿಂದೆ ಪಾಸಿಂಗ್ ಕೂಗಿದಳು.

“ಎಲ್ರೂ ಬಂದ್ರಾ, ಕಾಪ್?” ಎಂದಳು ರೋಡೆಲಿನ್.

“ಎಲ್ರೂ ಬಂದ್ರು. ಹಂದಿಗಳೂ ಬಂದ್ವು, ಕೇಳಿಸ್ತಿಲ್ವಾ? ನಿಮ್ಮ ಮೇಡಂ ಲಿಬ್ರಾಡಾನೂ ಇಲ್ಲೇ ಇದಾರೆ. ಪಕ್ಕದ ಊರಲ್ಲಿ ಮನಿಲಾದವ್ರ ಸೈರನ್ ಪರೀಕ್ಷೆ ನೋಡೋಕೆ ಹೋಗಿದ್ರಂತೆ, ಅಲ್ಲಿಂದ್ಲೇ ನಮ್ಮ ನಕ್ಷತ್ರ ಕಂಡು ಓಡಿ ಬಂದ್ರು.”

ಆಮೇಲೆ ಮೇಡಂ ಫೋನು ತೆಗೆದುಕೊಂಡರು. “ಕರೆಂಟಿಲ್ದೆ ಅಲ್ಲಿ ಸೈರನ್ ಕೂಗ್ಲಿಲ್ಲ,” ಎಂದರು. “ಸೋಮವಾರ ಬನ್ನಿ, ಸಹಿ ಹಾಕ್ತೀನಿ.”

ಸರ್ ವೆಂಡೆಲ್ ಕೆಳಗಿಳಿದು ಬೇಕರಿಯಲ್ಲಿದ್ದ ಬಿಸಿ ಬನ್ನುಗಳನ್ನೆಲ್ಲ ಹೊತ್ತು ತಂದರು. ನಾನು ಸುದ್ದಿ ಬರೆದೆ: ‘ನಮ್ಮ ಕ್ರಾಂತಿಕಾರಿ ತಂತ್ರಜ್ಞಾನದ ಐತಿಹಾಸಿಕ ವಿಜಯ.’ ರೋಡೆಲಿನ್ ಓದಿ ಎಲ್ಲವನ್ನೂ ಅಳಿಸಿದಳು. ‘ತಿಪೊಲೊದಲ್ಲಿ ಹೊಳೆ ಬಂತು. ಎಲ್ಲರೂ ಮೊದಲೇ ಮೇಲೆ ಹತ್ತಿದ್ದರು. ಕಂಬ ಇಲೋಯ್ಲೋದಲ್ಲಿ ಮಾಡಿದ್ದು.’ ಅಷ್ಟೇ ಬರೆದಳು. ನಮ್ಮ ಪುಟದಲ್ಲಿ ಜನ ನಿಜವಾಗಿ ಓದಿದ ಸುದ್ದಿ ಅದೊಂದೇ.

ಈಗ ಜೂನ್. ಹೊಳೆಯುದ್ದದ ಊರುಗಳಲ್ಲಿ ಕಂಬ ನೆಡುತ್ತ ಬಂದಿದ್ದೇವೆ, ನಾವೀಗ ಹನ್ನೊಂದು ಜನ. ಹಬ್ಬ ಮುಗಿದ ಮೇಲೆ ನಕ್ಷತ್ರ ಇಳಿಸಬೇಕಲ್ಲ ಎಂದು ಕಾಪ್ ದುಲೋ ಕೇಳಿದ್ದ, ಬೇಡ ಎಂದಿದ್ದಳು ರೋಡೆಲಿನ್. ಹೋದ ವಾರ ನಾನೂ ಅವಳೂ ತಿಪೊಲೊ ದಾಟುವಾಗ ಮಳೆಯಲ್ಲಿ ಇಡೀ ಬೀದಿ ಮಿಣುಕುತ್ತಿತ್ತು. ನಾವು ಕೂತಿದ್ದ ಜೀಪ್ನಿ ಬಸ್ಸಿನ ಚಾಲಕ ತಲೆ ಹೊರಗೆ ಹಾಕಿ ಕೂಗಿದ: “ಏನಕ್ಕಾ, ನಿಮ್ಮೂರಲ್ಲಿ ಕ್ರಿಸ್‌ಮಸ್ ಇನ್ನೂ ಮುಗೀಲಿಲ್ವಾ?”

ಅಂಗಳ ಗುಡಿಸುತ್ತಿದ್ದ ಪಾಸಿಂಗ್ ತಲೆ ಎತ್ತಲಿಲ್ಲ.

“ನಮ್ದು ಮುಗಿಯಲ್ಲ ಕಣೋ. ನಿಮ್ಮೂರವ್ರು ಈಜು ಕಲ್ತಿದಾರಾ?”

ಅವಳಿಗೆ ನಾವು ಕಂಡಿರಲಿಲ್ಲ. ರೋಡೆಲಿನ್ ಕೈ ಬೀಸಲೂ ಇಲ್ಲ. ಜೀಪ್ನಿ ಸೇತುವೆ ದಾಟುವವರೆಗೂ ಹಿಂದಕ್ಕೆ ತಿರುಗಿ ಕೂತು ನಗುತ್ತಲೇ ಇದ್ದಳು.